ಮೂರನೇ ನಿಯಮ ಬರೆದವರು ಯಾರು?

ಕನ್ನಡದಲ್ಲಿ ಒಬ್ಬರನ್ನು ಕರೆಯೋದು ಅಷ್ಟು ಸುಲಭದ ಕೆಲಸ ಅಲ್ಲ. ಬಾ, ಬಾರೋ, ಬಾರೇ, ಬಾರಪ್ಪ, ಬನ್ನಿ, ಜೊತೆಗೆ ನಮ್ಮ ಮಂಡ್ಯದ ‘ಬಾರ್ಲಾ’. ಕೆಲಸ ಒಂದೇ, ರೂಪ ಹಲವು. ಯಾವ ರೂಪ ಸರಿ ಅನ್ನೋದನ್ನು ಎದುರಿಗಿರುವವರನ್ನಷ್ಟೇ ನೋಡಿ ಹೇಳೋಕಾಗಲ್ಲ. ಅದೇ ಅಜ್ಜಿಗೆ ಮಗ ‘ಬಾವ್ವ’ ಅಂತಾನೆ, ಸೊಸೆ ‘ಬನ್ನಿ ಅತ್ತೆ’ ಅಂತಾಳೆ. ಕರೆಯುವವರು ಯಾರು ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಕೋಡ್ ಬರೆಯುವವರ ಭಾಷೆಯಲ್ಲಿ ಇದು ಮಲ್ಟಿಪಲ್ ಡಿಸ್ಪ್ಯಾಚ್. ಪೈಥಾನ್‌ನಲ್ಲಿ 2014ರಿಂದ ‘ಸಿಂಗಲ್ ಡಿಸ್ಪ್ಯಾಚ್’ ಅಂತೊಂದು ಸೌಲಭ್ಯ ಇದೆ. ಅದು ಫಂಕ್ಷನ್‌ಗೆ ಕೊಟ್ಟ ಮೊದಲ ಆರ್ಗ್ಯುಮೆಂಟಿನ ಟೈಪ್ ಮಾತ್ರ ನೋಡುತ್ತೆ. 2012ರಲ್ಲಿ ಹೊರಬಂದ ಜೂಲಿಯಾ ಭಾಷೆ ಹಾಗಲ್ಲ. ಅಲ್ಲಿ ಒಂದೇ ಹೆಸರಿನ ಫಂಕ್ಷನ್‌ಗೆ ಎಷ್ಟು ನಿಯಮ ಬೇಕಾದರೂ ಬರೆಯಬಹುದು. ಭಾಷೆ ಎಲ್ಲ ಆರ್ಗ್ಯುಮೆಂಟುಗಳ ಟೈಪ್ ನೋಡಿ, ಅತಿ ನಿರ್ದಿಷ್ಟವಾದ ನಿಯಮವನ್ನು ಆರಿಸಿಕೊಳ್ಳುತ್ತೆ. ಅಂದ್ರೆ ನಡವಳಿಕೆ ಅನ್ನೋದು ಇವರದ್ದೂ ಅಲ್ಲ, ಅವರದ್ದೂ ಅಲ್ಲ. ಅದು ಇಬ್ಬರ ನಡುವೆ ಇರುವಂಥದ್ದು.

ಟೈಪ್ ನೋಡಿ ನಡೆದುಕೊಳ್ಳೋದೇ ತಪ್ಪಾ? ನನಗೆ ಹಾಗನ್ನಿಸಲ್ಲ. ವೈದ್ಯನಾಥಪುರದಲ್ಲಿ ಶಿಂಷಾ ದಡದ ವೈದ್ಯನಾಥೇಶ್ವರನ ಮುಂದೆ ನಿಂತವರು ‘ಕಾಪಾಡಪ್ಪಾ’ ಅಂತಾರೆ, ‘ಕಾಪಾಡಿ’ ಅನ್ನಲ್ಲ. ಅವ್ವನಿಗೂ ಏಕವಚನ, ದೇವರಿಗೂ ಏಕವಚನ. ಅದರಲ್ಲಿ ಅಗೌರವ ಎಲ್ಲಿದೆ? ಮಗುವಿನ ಜೊತೆಗೂ ಮೇಷ್ಟ್ರ ಜೊತೆಗೂ ಒಂದೇ ಥರ ಮಾತಾಡಿದ್ರೆ ಅದು ಸಮಾನತೆ ಆಗಲ್ಲ, ಬರೀ ಒರಟುತನ.

ಗಂಟು ಇರೋದು ಬೇರೆ ಕಡೆ. ಎರಡು ನಿಯಮ ಇವೆ ಅಂದ್ಕೊಳ್ಳಿ. ಒಂದು: ದೊಡ್ಡಮನೆಯವರು ಯಾರನ್ನಾದರೂ ಏಕವಚನದಲ್ಲಿ ಕರೆಯಬಹುದು. ಎರಡು: ಯಾರೇ ಆಗಲಿ, ಹಿರಿಯರನ್ನು ಬಹುವಚನದಲ್ಲಿ ಕರೆಯಬೇಕು. ಈಗ ದೊಡ್ಡಮನೆಯ ಹನ್ನೆರಡು ವರ್ಷದ ಹುಡುಗ, ಗದ್ದೆ ಕೆಲಸಕ್ಕೆ ಬಂದ ಎಪ್ಪತ್ತರ ಮುದುಕರನ್ನು ಕರೆಯಬೇಕು. ಎರಡೂ ನಿಯಮ ಹೊಂದುತ್ತವೆ. ಒಂದು ಕರೆಯುವವನನ್ನು ನೋಡುತ್ತೆ, ಇನ್ನೊಂದು ಕೇಳುವವರನ್ನು. ಯಾವುದೂ ಇನ್ನೊಂದಕ್ಕಿಂತ ಹೆಚ್ಚು ನಿರ್ದಿಷ್ಟ ಅಲ್ಲ.

ಇಂಥ ಕಡೆ ಜೂಲಿಯಾ ನಿಂತುಬಿಡುತ್ತೆ. ‘ಇದು ಗೊಂದಲ, ನಾನು ಆರಿಸಲಾರೆ’ ಅಂತ ಎರರ್ ಕೊಡುತ್ತೆ. ಈ ಜೋಡಿಗೆಂದೇ ಮೂರನೇ ನಿಯಮ ಬರೆಯಿರಿ ಅಂತಲೂ ಸೂಚಿಸುತ್ತೆ.

ಊರಲ್ಲಿ ಎರರ್ ಬರಲ್ಲ. ಹುಡುಗ ತಡವರಿಸದೆ ‘ಬಾರೋ’ ಅಂತಾನೆ. ಮುದುಕರು ‘ಬಂದೆ ಬುದ್ಧಿ’ ಅಂತಾರೆ. ಮೂರನೇ ನಿಯಮ ಅದಾಗಲೇ ಅಲ್ಲಿದೆ ಅಂತಾಯ್ತು. ಆದ್ರೆ ಅದನ್ನು ಬರೆದವರು ಯಾರು? ಹುಡುಗನಿಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಅಪ್ಪನನ್ನು ಕೇಳಿ, ‘ಮೊದಲಿಂದ ಹಂಗೇ’ ಅಂತಾನೆ. ಜೂಲಿಯಾದಲ್ಲಾದರೆ ಪ್ರತಿ ನಿಯಮ ಯಾವ ಫೈಲಿನ ಎಷ್ಟನೇ ಸಾಲಿನಲ್ಲಿದೆ ಅಂತ ಕೇಳಿ ತಿಳಿಯಬಹುದು. ಇಲ್ಲಿ ನಿಯಮ ಎಲ್ಲರೊಳಗೂ ಓಡುತ್ತೆ, ಸಾಲು ಮಾತ್ರ ಯಾರ ಹೆಸರಲ್ಲೂ ಇಲ್ಲ. 1950ರ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಬರೆದ ನಿಯಮವನ್ನು ಅಳಿಸಬಹುದು, ಯಾರೂ ಬರೆಯದೇ ಇರೋದನ್ನು ಅಳಿಸೋದು ಹೇಗೆ?

ಇದು ಹಳ್ಳಿಯ ಕಥೆ ಅಂತ ಬೆಂಗಳೂರಲ್ಲಿ ಕೂತು ನಿಟ್ಟುಸಿರು ಬಿಡೋದು ಬೇಡ. ಆಫೀಸಲ್ಲಿ ಸಿಇಓನನ್ನೂ ಹೆಸರು ಹಿಡಿದು ಕರೆಯುವ ಇಪ್ಪತ್ತೈದರ ನಾವು, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಐವತ್ತೈದರ ಸೆಕ್ಯೂರಿಟಿಯವರಿಗೆ ‘ಪಾರ್ಸೆಲ್ ಬಂತೇನಪ್ಪಾ, ಇಟ್ಕೊಂಡಿದ್ದೀಯಾ?’ ಅಂತೀವಿ. ಅವರು ‘ಇದೆ ಸರ್’ ಅಂತಾರೆ. ದೊಡ್ಡಮನೆ ಹೋಗಿ ಟೂ ಬಿಎಚ್‌ಕೆ ಬಂದಿದೆ, ಅಷ್ಟೇ.

ಸರಿ, ನಾಳೆಯಿಂದ ‘ಇಟ್ಕೊಂಡಿದ್ದೀರಾ?’ ಅಂದ್ರೆ ಮುಗೀತಾ? ಇಲ್ಲ. ಆರ್ಗ್ಯುಮೆಂಟುಗಳ ಜಾಗ ಅದಲುಬದಲಾದ್ರೆ ಹೊಂದುವ ನಿಯಮವೇ ಬೇರೆ. ನಾನು ಅವರಿಗೆ ಏನನ್ನುತ್ತೇನೆ ಅನ್ನೋದನ್ನು ನಾನು ಬದಲಿಸಬಹುದು. ಅವರು ನನಗೆ ಏನನ್ನಬೇಕು ಅನ್ನೋದು ಅವರದ್ದು. ‘ಸರ್ ಅನ್ನಬೇಡಿ’ ಅಂತ ಒತ್ತಾಯ ಮಾಡಿದ್ರೆ ಅದೂ ಒಂದು ಅಪ್ಪಣೆಯೇ. ಆ ‘ಸರ್’ ಹಿಂದೆ ಅವರ ಕೆಲಸ, ಸಂಬಳ ಎಲ್ಲ ಇವೆ.

ಆದ್ರೂ ಮೊದಲು ಬದಲಾಗಬೇಕಾದ್ದು ನಮ್ಮ ಕಡೆಯ ಸಾಲೇ. ಯಾಕಂದ್ರೆ ನಾವು ತಿದ್ದಿಕೊಂಡ್ರೆ ನಮಗೇನೂ ನಷ್ಟ ಇಲ್ಲ. ಅವರು ಮೊದಲು ತಿದ್ದಿದ್ರೆ ಸೊಸೈಟಿ ಮೀಟಿಂಗಲ್ಲಿ ಯಾರೋ ಒಬ್ಬರು ‘ಅವನಿಗೆ ತುಂಬಾ ಕೊಬ್ಬು’ ಅಂತ ಶುರು ಮಾಡ್ತಾರೆ.