ನೋಡುವುದು ಮತ್ತು ನೋಡಿಕೊಳ್ಳುವುದು

ನನ್ನ ಫೋನಿನಲ್ಲಿ ಅಮ್ಮನ ಸಕ್ಕರೆ ಕಾಣುತ್ತದೆ. ಅವಳು ತಿಪಟೂರಿನಲ್ಲಿ, ನಾನು ಮೈಸೂರಿನ ಹಾಸ್ಟೆಲ್ಲಿನಲ್ಲಿ. ಅವಳ ತೋಳಿನ ಹಿಂಭಾಗಕ್ಕೆ ಅಂಟಿಸಿದ, ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಬಿಲ್ಲೆ, ಅದರಿಂದ ಚರ್ಮದೊಳಗೆ ಇಳಿದ ತೆಳ್ಳನೆಯ ಎಳೆ, ಬ್ಲೂಟೂತ್, ಅವಳ ಫೋನು, ಎಲ್ಲೋ ಇರುವ ಸರ್ವರ್, ಕೊನೆಗೆ ನನ್ನ ಫೋನು. ಇಷ್ಟು ದಾರಿ ದಾಟಿ 142 ಎಂಬ ಸಂಖ್ಯೆ, ಪಕ್ಕದಲ್ಲೊಂದು ಬಾಣದೊಂದಿಗೆ ಬಂದು ನಿಲ್ಲುತ್ತದೆ. ಬಾಣ ಮೇಲಕ್ಕೆ ಮುಖ ಮಾಡಿದ್ದರೆ ಸಕ್ಕರೆ ಏರುತ್ತಿದೆ ಎಂದರ್ಥ. ಅವಳು ಊಟ ಮಾಡಿದಳೆಂದು ನನಗೆ ಗೊತ್ತಾಗುತ್ತದೆ. ಎಷ್ಟು ಬೇಗ ಏರಿತು ಎಂಬುದರಿಂದ ತಟ್ಟೆಯಲ್ಲಿ ಏನಿತ್ತೆಂದು ಅಂದಾಜು ಕಟ್ಟಲೂಬಹುದು. ಹಾಗೆ ಅಂದಾಜು ಕಟ್ಟುವ ಅಭ್ಯಾಸ ಬೆಳೆಯುತ್ತಿರುವಾಗಲೇ ಈ ಪ್ರಶ್ನೆ ಎದ್ದದ್ದು: ಕಂಡಿತು ಎಂಬ ಕಾರಣಕ್ಕೆ ಕೇಳುವ ಹಕ್ಕು ಬರುತ್ತದೆಯೇ?

ನಮ್ಮ ವಿಭಾಗದ ಕ್ಯಾಂಟೀನಿನಲ್ಲಿ ಈ ವಿಷಯ ಎತ್ತಿದರೆ ಎರಡನೇ ನಿಮಿಷಕ್ಕೆ ಫೂಕೋ ಹೆಸರು ಬರುತ್ತದೆ. ಕಣ್ಗಾವಲು, ಅಧಿಕಾರ, ಶಿಸ್ತಿಗೊಳಗಾದ ದೇಹ. ಆ ಮಾತುಗಳು ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತವೆ. ಕಾವಲು ಗೋಪುರದಲ್ಲಿ ಕೂತವನಿಗೆ ಕೈದಿಯ ಮೇಲೆ ಪ್ರೀತಿಯಿರುವುದಿಲ್ಲ. ಇಲ್ಲಿಯ ತೊಡಕೆಲ್ಲ ಪ್ರೀತಿಯಿಂದಲೇ ಹುಟ್ಟಿದ್ದು.

ಸಕ್ಕರೆಯ ಅಳತೆ ಯಾರ ಕೈಯಲ್ಲಿರಬೇಕು ಎಂಬ ಜಗಳ ಹಳೆಯದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಈ ರೋಗವನ್ನು ಗುರುತಿಸಿದವರು ನಮ್ಮ ಹಳೆಯ ವೈದ್ಯರು. ಮಧುಮೇಹ ಎಂಬ ಹೆಸರಿನಲ್ಲೇ ಜೇನಿದೆ. ಇಪ್ಪತ್ತನೆಯ ಶತಮಾನದಲ್ಲಿ ಬೆನೆಡಿಕ್ಟ್ ದ್ರಾವಣ ಬಂತು. ಅದಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದರೆ ನೀಲಿ ಬಣ್ಣ ಹಾಗೇ ಉಳಿಯಬಹುದು, ಹಸಿರಿಗೋ ಹಳದಿಗೋ ತಿರುಗಬಹುದು, ಸಕ್ಕರೆ ಬಹಳವಿದ್ದರೆ ಇಟ್ಟಿಗೆ ಕೆಂಪಾಗಬಹುದು. ಮುಂದೆ ರಕ್ತವನ್ನೇ ಅಳೆಯುವ ಮೀಟರು ಬಂದಾಗ ಅದು ಆಸ್ಪತ್ರೆ ಮತ್ತು ಡಾಕ್ಟರುಗಳ ಸೊತ್ತಾಗಿತ್ತು. 1969ರಲ್ಲಿ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ಇಂಜಿನಿಯರ್, ಹನ್ನೆರಡನೇ ವಯಸ್ಸಿನಿಂದ ಮಧುಮೇಹಿ, ಅಂಥದೊಂದನ್ನು ಕೊಳ್ಳಲು ಹೊರಟರೆ ರೋಗಿಗಳಿಗೆ ಅದನ್ನು ಮಾರುತ್ತಿರಲಿಲ್ಲ. ಅವರು ಡಾಕ್ಟರಾಗಿದ್ದ ಹೆಂಡತಿಯ ಹೆಸರಿನಲ್ಲಿ ತರಿಸಿಕೊಂಡರು. ದಿನಕ್ಕೆ ಹಲವು ಬಾರಿ ಬೆರಳು ಚುಚ್ಚಿಕೊಂಡು ತಮ್ಮ ದೇಹದ ಲೆಕ್ಕವನ್ನು ತಾವೇ ಕಲಿತರು. ವೈದ್ಯಕೀಯ ಪತ್ರಿಕೆಗಳು ಅವರು ಬರೆದದ್ದನ್ನು ಪ್ರಕಟಿಸಲಿಲ್ಲ. ನಲವತ್ತು ದಾಟಿದ ಮೇಲೆ ಮೆಡಿಕಲ್ ಕಾಲೇಜು ಸೇರಿ ಅವರೇ ಡಾಕ್ಟರಾದರು. ನನ್ನ ರಕ್ತ, ಅದರ ಸಂಖ್ಯೆ ಮೊದಲು ನನಗೆ ಗೊತ್ತಾಗಬೇಕು: ಅಷ್ಟು ಸಣ್ಣ ಬೇಡಿಕೆಗೆ ಅಷ್ಟು ದೊಡ್ಡ ಸುತ್ತು.

ಸಂಖ್ಯೆ ರೋಗಿಗಳ ಕೈಗೆ ಬಂದ ಮೇಲೆ ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಡಾಕ್ಟರಿಗೆ ತೋರಿಸತೊಡಗಿದರು. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನನ್ನು ಬಹಳ ದಿನ ಬಿಡಲಿಲ್ಲ. ಸಂಶೋಧಕರು ರೋಗಿಗಳಿಗೆ ಮೀಟರುಗಳನ್ನು ಕೊಟ್ಟರು. ಒಳಗೆ ಪ್ರತಿ ಅಳತೆಯನ್ನೂ ಉಳಿಸಿಕೊಳ್ಳುವ ಮೆಮೊರಿ ಇದೆಯೆಂದು ಹೇಳಲಿಲ್ಲ. ಆಮೇಲೆ ನೋಟ್‌ಬುಕ್ಕನ್ನೂ ಮೆಮೊರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ತಾಳೆಯಾಗಲಿಲ್ಲ. ಕೆಲವು ಅಂಕಿಗಳು ಪುಸ್ತಕಕ್ಕೆ ಬಂದೇ ಇರಲಿಲ್ಲ. ಅಳೆಯದೇ ಇದ್ದ ಅಂಕಿಗಳು ಬಂದು ಕೂತಿದ್ದವು. ವೈದ್ಯಕೀಯ ದೃಷ್ಟಿಯಿಂದ ಇದು ಅಪಾಯವೇ ಸರಿ, ಸುಳ್ಳು ಅಂಕಿ ನಂಬಿ ಇನ್ಸುಲಿನ್ ಬರೆದುಕೊಟ್ಟರೆ ಜೀವಕ್ಕೇ ಕುತ್ತು. ಆದರೆ ಮೆಮೊರಿಯನ್ನು ಬಚ್ಚಿಟ್ಟವರನ್ನು ಸಂಶೋಧಕರೆಂದೂ, ಅಂಕಿಯನ್ನು ಬಚ್ಚಿಟ್ಟವರನ್ನು ಮೋಸಗಾರರೆಂದೂ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆ ನೋಟ್‌ಬುಕ್ಕು ಲೆಕ್ಕದ ಪುಸ್ತಕವಾಗಿರುವಂತೆ ಡಾಕ್ಟರಿಗೆ ಬರೆದ ಕಾಗದವೂ ಆಗಿತ್ತು. ಕಾಗದದಲ್ಲಿ ಯಾರೂ ಎಲ್ಲವನ್ನೂ ಬರೆಯುವುದಿಲ್ಲ.

ಅಮ್ಮನ ಬಳಿಯೂ ಅಂಥದೊಂದಿತ್ತು, ಯಾರೋ ಕೊಟ್ಟ ಹಳೆಯ ಡೈರಿ. ಅವಳು ಅಂಕಿ ಮುಚ್ಚಿಡುವವಳಲ್ಲ, ಆದರೆ ಪಕ್ಕದಲ್ಲಿ ಒಂದೆರಡು ಪದ ಸೇರಿಸುತ್ತಿದ್ದಳು. '210, ಗೌರಿ ಹಬ್ಬ.' '186, ರಾತ್ರಿ ನಿದ್ದೆ ಇಲ್ಲ.' '94, ಕೊಬ್ಬರಿ ಲೋಡ್ ದಿನ, ಊಟ ತಡ.' ಹದಿನಾಲ್ಕು ವರ್ಷದ ಕಾಯಿಲೆಯ ಆ ಡೈರಿಗಳು ನಮ್ಮ ಮನೆಯ ಚರಿತ್ರೆಯೂ ಹೌದು. ಆ್ಯಪಿನಲ್ಲೂ ಟಿಪ್ಪಣಿ ಬರೆಯಲು ಜಾಗವಿದೆ. ಅಮ್ಮ ಬರೆಯುವುದಿಲ್ಲ. ಸಂಖ್ಯೆ ತಾನಾಗಿಯೇ ಎದ್ದು ಹೋಗಿಬಿಡುವಾಗ ಹೇಳಲು ಏನೂ ಉಳಿದಿಲ್ಲವೆಂದು ಅವಳಿಗೆ ಅನಿಸಿರಬೇಕು.

ದೂರದಿಂದ ನೋಡುವ ಈ ವ್ಯವಸ್ಥೆ ಮೊದಲು ಬೇಕಾದದ್ದು ಹೆತ್ತವರಿಗೆ. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ಜಾನ್ ಕೋಸ್ಟಿಕ್ ಎಂಬ ತಂದೆ, ನಾಲ್ಕು ವರ್ಷದ ಮಗನ ಸೆನ್ಸರಿನ ಅಂಕಿಗಳನ್ನು ಆಫೀಸಿನಲ್ಲಿ ಕೂತು ನೋಡಲು ತಾನೇ ಪ್ರೋಗ್ರಾಂ ಬರೆದ. ಆಗ ಆ ಯಂತ್ರದ ಕಂಪನಿ ಅಂಥ ಸೌಲಭ್ಯ ಕೊಟ್ಟಿರಲಿಲ್ಲ. ಆ ಕೆಲಸವನ್ನು ಇತರ ಪೋಷಕರು ಮುಂದುವರಿಸಿ ನೈಟ್‌ಸ್ಕೌಟ್ ಎಂಬ ಮುಕ್ತ ತಂತ್ರಾಂಶ ಮಾಡಿದರು, ನಾವು ಕಾಯುವುದಿಲ್ಲ ಎಂಬುದೇ ಅವರ ಘೋಷಣೆ. ಶಾಲೆಯಲ್ಲಿರುವ ನಾಲ್ಕು ವರ್ಷದ ಮಗುವಿಗೆ ತನಗೆ ತಲೆ ಸುತ್ತುತ್ತಿದೆ ಎಂದು ಹೇಳಲು ಬರದಿರಬಹುದು; ಅದರ ಪರವಾಗಿ ಬೇರೊಬ್ಬರು ನೋಡಲೇಬೇಕು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ನಮ್ಮ ಮನೆಗಳಿಗೆ ಬರುವಷ್ಟರಲ್ಲಿ ದಿಕ್ಕು ತಿರುಗಿದೆ. ಐಸಿಎಂಆರ್ ನೆರವಿನ ಅಧ್ಯಯನವೊಂದು 2023ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಸೆನ್ಸರ್ ಹಾಕಿಕೊಳ್ಳುವವರು ಬೆರಳೆಣಿಕೆ. ಹದಿನಾಲ್ಕು ದಿನ ಬಾಳುವ ಒಂದು ಬಿಲ್ಲೆಗೆ ಐದು ಸಾವಿರದ ಆಸುಪಾಸು ಬೀಳುತ್ತದೆ. ಅಮ್ಮ ವರ್ಷಕ್ಕೆ ಎರಡು ಮೂರು ಬಾರಿ, ಇನ್ಸುಲಿನ್ ಪ್ರಮಾಣ ಬದಲಿಸುವಾಗ ಮಾತ್ರ ಹಾಕಿಕೊಳ್ಳುತ್ತಾಳೆ. ಆದರೆ ಹಾಕಿಕೊಂಡ ಮನೆಗಳಲ್ಲಿ ಬಹಳ ಕಡೆ ನೋಡುವವರು ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಕ್ಕಳು, ನೋಡಿಸಿಕೊಳ್ಳುವವರು ಊರಿನಲ್ಲಿ ಉಳಿದ ತಂದೆತಾಯಿ. ಮಗುವಿಗಾಗಿ ಹೊಲಿದ ಅಂಗಿಯನ್ನು ಅರವತ್ತೊಂದರ ಹೆಂಗಸಿಗೆ ತೊಡಿಸಿದಂತಾಗಿದೆ. ಮನೆ ನಡೆಸಿದವಳು, ತೋಟದ ಲೆಕ್ಕ ಇಟ್ಟವಳು, ಇಬ್ಬರನ್ನು ಓದಿಸಿದವಳು, ಈಗ ಒಂದು ಲಾಡು ತಿಂದರೆ ಮೈಸೂರಿಗೆ ಸುದ್ದಿ.

ಕನ್ನಡದಲ್ಲಿ 'ನೋಡು' ಎಂಬ ಕ್ರಿಯಾಪದಕ್ಕೆ 'ಕೊಳ್ಳು' ಸೇರಿದರೆ ಅರ್ಥವೇ ಬೇರೆಯಾಗುತ್ತದೆ. ಅಮ್ಮನನ್ನು ನೋಡುತ್ತೇನೆ ಎನ್ನುವುದು ಬೇರೆ, ಅಮ್ಮನನ್ನು ನೋಡಿಕೊಳ್ಳುತ್ತೇನೆ ಎನ್ನುವುದು ಬೇರೆ. 'ಹೇಳು', 'ಹೇಳಿಕೊಳ್ಳು' ಕೂಡ ಹಾಗೆಯೇ. ಕೊಳ್ಳು ಎಂಬುದು ಕ್ರಿಯೆಯನ್ನು ಮಾಡುವವರ ಕಡೆಗೇ ಹೊರಳಿಸುತ್ತದೆ ಎಂದು ವ್ಯಾಕರಣ ಓದಿದವರು ಹೇಳುತ್ತಾರೆ. ನೋಡಿಕೊಳ್ಳುವವರು ತಮ್ಮ ಮೇಲೂ ಏನನ್ನೋ ಎಳೆದುಕೊಂಡಿರುತ್ತಾರೆ. ಅಪ್ಪ ಆ್ಯಪ್ ತೆರೆದವರೇ ಅಲ್ಲ. ಅಮ್ಮನ ಸಕ್ಕರೆ ಎಷ್ಟೆಂದು ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ಆದರೆ ರಾತ್ರಿ ಅವಳು ಬೆವರಿದರೆ ಎದ್ದು ಕೂರುತ್ತಾರೆ, ದಿಂಬಿನ ಪಕ್ಕ ಗ್ಲೂಕೋಸ್ ಡಬ್ಬಿ ಮತ್ತು ಚಮಚ ಅವರದೇ ವ್ಯವಸ್ಥೆ. ನಾನು ನೋಡುತ್ತೇನೆ, ಅವರು ನೋಡಿಕೊಳ್ಳುತ್ತಾರೆ. ಇದರಿಂದ ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಅಪ್ಪನಿಗೂ ಗಾಢ ನಿದ್ದೆ ಬರುವ ರಾತ್ರಿಗಳಿವೆ.

ಯಂತ್ರ ನೋಡುವುದೂ ಪೂರ್ತಿ ನೋಟವಲ್ಲ. ಆ ಎಳೆ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ತಲುಪಲು ಕೆಲವು ನಿಮಿಷ ಬೇಕು. ಒಮ್ಮೆ ರಾತ್ರಿ ಎರಡು ಗಂಟೆಗೆ ನನ್ನ ಫೋನು ಕೂಗಿತು: 58. ಅಮ್ಮನಿಗೆ ಫೋನ್ ಮಾಡಿದೆ. ಅವಳು ಬೆರಳು ಚುಚ್ಚಿ ನೋಡಿದರೆ 112. ಬಿಲ್ಲೆ ಇರುವ ಮಗ್ಗುಲಿಗೆ ಮಲಗಿದ್ದಳು. ಒತ್ತಡ ಬಿದ್ದರೆ ಹೀಗೆ ಸುಳ್ಳು ಇಳಿತ ತೋರಿಸುವುದು ಈ ಸಾಧನಗಳ ಗುರುತಿನ ದೋಷ. "ಮಗ್ಗುಲು ಬದಲಿಸೋಕೂ ನಿನ್ನ ಕೇಳಬೇಕೇನೇ?" ಎಂದು ನಕ್ಕು ಮಲಗಿದಳು.

ಆ ರಾತ್ರಿಯಾದ ಕೆಲವು ದಿನಕ್ಕೆ ಅವಳೇ ಒಂದು ಕರಾರು ಹಾಕಿದಳು. "ಎಪ್ಪತ್ತಕ್ಕಿಂತ ಕೆಳಗೆ ಹೋದ್ರೆ ಎಷ್ಟೊತ್ತಾದ್ರೂ ಫೋನ್ ಮಾಡು. ಮೇಲೆ ಹೋದ್ರೆ ಮಾಡಬೇಡ. ಅದನ್ನ ನಾನೇ ಹೇಳ್ತೀನಿ, ಹೇಳಬೇಕು ಅನಿಸಿದಾಗ."

ಈ ಕರಾರಿನಲ್ಲಿ ನಾನು ಓದಿದ ಹಲವು ನೀತಿಶಾಸ್ತ್ರದ ಪುಟಗಳಿಗಿಂತ ಹೆಚ್ಚಿನ ವಿವೇಕವಿದೆ ಅನಿಸುತ್ತದೆ. ಸಕ್ಕರೆ ತೀರಾ ಇಳಿದಾಗ ಮೆದುಳಿಗೇ ಇಂಧನವಿಲ್ಲ. ಮಾತು ತೊದಲುತ್ತದೆ, ಗೊಂದಲವಾಗುತ್ತದೆ, ಪ್ರಜ್ಞೆ ತಪ್ಪಬಹುದು. ಅಂದರೆ ಹೇಳಿಕೊಳ್ಳುವ ಶಕ್ತಿಯನ್ನೇ ಅದು ಕಿತ್ತುಕೊಳ್ಳುತ್ತದೆ. ಆಗ ನೋಡಿದವರಿಗೆ ಕೇಳುವ ಹಕ್ಕಷ್ಟೇ ಅಲ್ಲ, ಬಾಗಿಲು ಬಡಿಯುವ ಕರ್ತವ್ಯವೂ ಇದೆ. ಸಕ್ಕರೆ 260 ಆದಾಗ ಅವಳು ಅವಳೇ ಆಗಿರುತ್ತಾಳೆ, ಮಾತು ಅವಳ ಬಳಿಯೇ ಇರುತ್ತದೆ. ಅದನ್ನು ಅವಳಿಗಿಂತ ಮೊದಲು ನಾನು ಎತ್ತಿಕೊಳ್ಳಬಾರದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಏರಿದ ಸಕ್ಕರೆಯೇ ಅಲ್ಲವೇ ಕಣ್ಣು, ಮೂತ್ರಪಿಂಡ, ಪಾದದ ನರಗಳನ್ನು ಸದ್ದಿಲ್ಲದೆ ತಿನ್ನುವುದು? ಟೈಪ್ 2 ಮಧುಮೇಹಿಗಳ ಕುರಿತ ಬ್ರಿಟನ್ನಿನ ದೊಡ್ಡ ಅಧ್ಯಯನ 1998ರಲ್ಲಿ ತೋರಿಸಿದ್ದು ಅದನ್ನೇ: ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಲ್ಲಿ ಸಣ್ಣ ರಕ್ತನಾಳಗಳಿಗೆ ಸಂಬಂಧಿಸಿದ ತೊಂದರೆಗಳು ಶೇ. 25ರಷ್ಟು ಕಡಿಮೆಯಾದವು. ಹೀಗಿರುವಾಗ ಸುಮ್ಮನಿರುವುದು ಸೌಜನ್ಯದ ವೇಷದಲ್ಲಿರುವ ಉಪೇಕ್ಷೆಯಲ್ಲವೇ? ನನ್ನ ಉತ್ತರ ಕಾಲಕ್ಕೆ ಸಂಬಂಧಿಸಿದ್ದು. ಇಳಿತ ನಿಮಿಷಗಳಲ್ಲಿ ಕೆಡಿಸುತ್ತದೆ, ಏರಿಕೆ ವರ್ಷಗಳಲ್ಲಿ. ವರ್ಷಗಳಿರುವ ಕಡೆ ಮಾತಿಗೆ ಜಾಗವಿದೆ. ಒಂದು ಸಂಜೆಯ 260ಕ್ಕೆ ಕೂಡಲೇ ಫೋನ್ ಮಾಡಿದರೆ ಅದು ವಿಚಾರಣೆ. ಮೂರು ತಿಂಗಳ ಸರಾಸರಿ ಹೇಳುವ ರಿಪೋರ್ಟು ಬಂದಾಗ ಜೊತೆಗೆ ಕೂತು ನೋಡಿದರೆ ಅದು ಸಂಭಾಷಣೆ. ಡಚ್ ಚಿಂತಕಿ ಆನ್‌ಮಾರಿ ಮೋಲ್ ಮಧುಮೇಹದ ಕ್ಲಿನಿಕ್ಕುಗಳನ್ನು ವರ್ಷಗಟ್ಟಲೆ ಗಮನಿಸಿ ಬರೆದ ಪುಸ್ತಕದಲ್ಲಿ ಆರೈಕೆಯೆಂದರೆ ಮತ್ತೆ ಮತ್ತೆ ಸರಿಹೊಂದಿಸುತ್ತ ಹೋಗುವ ಕೆಲಸವೆಂದು ವಾದಿಸುತ್ತಾರೆ. ಗುರಿಯ ಸಂಖ್ಯೆಯೂ ಆ ಕೆಲಸದ ಒಳಗಿನದೇ, ಹೊರಗೆ ಕೂತು ತೀರ್ಪು ಕೊಡುವಂಥದಲ್ಲ. 70ರಿಂದ 180ರವರೆಗಿನ ಹಸಿರು ಪಟ್ಟಿಯನ್ನು ಪರೀಕ್ಷೆಯ ಪಾಸ್ ಮಾರ್ಕಿನಂತೆ ಓದುವ ಮಕ್ಕಳಿಗೆ ಇದು ಬೇಗ ಅರ್ಥವಾಗುವುದಿಲ್ಲ. ನಾವು ಮಾರ್ಕ್ಸ್ ಕಾರ್ಡುಗಳ ತಲೆಮಾರು.

ಆದರೂ ಒಂದು ಮುಳ್ಳು ಉಳಿಯುತ್ತದೆ. ಫೋನ್ ಮಾಡದಿದ್ದರೂ ನನಗೆ ಕಂಡಿರುತ್ತದಲ್ಲ. ಮರುದಿನ ಏನೂ ಗೊತ್ತಿಲ್ಲದವಳಂತೆ "ಊಟ ಆಯ್ತಾ?" ಎಂದು ಕೇಳುವುದು ನಾಟಕವಲ್ಲವೇ? ನಾನು ಹಾಗೆ ತಿಳಿಯುವುದಿಲ್ಲ. ತುಂಬಿದ ಮನೆಗಳಲ್ಲಿ ಬೆಳೆದವರಿಗೆ ಒಂದು ವಿದ್ಯೆ ಗೊತ್ತಿತ್ತು, ಕಂಡೂ ಕಾಣದ ಹಾಗೆ ಇರುವುದು. ನಡುಮನೆಯಲ್ಲಿ ಹತ್ತು ಜನ ಮಲಗುವ ಕಡೆ ಯಾರು ಅತ್ತರು, ಯಾರು ಉಗ್ರಾಣದಲ್ಲಿ ಬೆಲ್ಲ ಬಾಯಿಗೆ ಹಾಕಿಕೊಂಡರು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಗೋಡೆ ಕೊಡದ ಮರೆಯನ್ನು ನಡತೆ ಕೊಡುತ್ತಿತ್ತು. ಆ ಮನೆಗಳನ್ನು ಹೊಗಳುವ ಉದ್ದೇಶ ನನಗಿಲ್ಲ. ಅದೇ ಕಂಡೂ ಕಾಣದ ಹಾಗೆ ಎಷ್ಟೋ ಹಿಂಸೆಯನ್ನೂ ಮುಚ್ಚಿತು. ಆದರೆ ಬೆಲ್ಲದ ವಿಷಯದಲ್ಲಿ ಅದು ಮರ್ಯಾದೆಯಾಗಿತ್ತು. ಆ್ಯಪಿಗೆ ಈ ವಿದ್ಯೆ ಬಾರದು, ಅದಕ್ಕೆ ಕಲಿಸಲೂ ಆಗದು. ಅದನ್ನು ಹಿಡಿದವರು ಕಲಿಯಬೇಕು.

ಹೋದ ಬಾರಿಯ ಹದಿನಾಲ್ಕು ದಿನ ಮುಗಿದ ಮೇಲೆ ತುಮಕೂರಿನ ಡಾಕ್ಟರ ಬಳಿ ಹೋಗಿದ್ದೆವು. ಅವರು ಎಲ್ಲ ದಿನಗಳನ್ನೂ ಒಂದರ ಮೇಲೊಂದು ಇಟ್ಟ ಗ್ರಾಫನ್ನು ಪರದೆಯ ಮೇಲೆ ತೆಗೆದರು. ಸಂಜೆ ಐದೂವರೆಯ ಹೊತ್ತಿಗೆ ಒಂದು ಗುಡ್ಡ, ಹೆಚ್ಚು ಕಡಿಮೆ ಪ್ರತಿದಿನ. "ಸಂಜೆ ಏನಮ್ಮಾ?" ಎಂದರು. "ಕಾಫಿ" ಎಂದಳು ಅಮ್ಮ. ಅವರು ಒಮ್ಮೆ ಅವಳ ಮುಖ ನೋಡಿ, ಇನ್ನೇನೂ ಕೇಳದೆ ಮಾತ್ರೆಯ ಹೊತ್ತನ್ನು ಬದಲಿಸಿ ಬರೆದರು. ನಾನೂ ಕೇಳಲಿಲ್ಲ. ಬಸ್ಸು ಗುಬ್ಬಿ ದಾಟಿ ಕೆ.ಬಿ. ಕ್ರಾಸ್ ಹತ್ತಿರ ಬಂದಾಗ ಅವಳೇ ಹೇಳಿದಳು. ಹಿಂದಿನ ಬೀದಿಯ ಆ ಅಕ್ಕನ ಗಂಡ ತೀರಿಕೊಂಡು ನಾಲ್ಕು ತಿಂಗಳಾಯಿತಂತೆ. ಸಂಜೆಯಾದರೆ ಅವರಿಗೆ ಮನೆಯಲ್ಲಿ ಕೂರಲಾಗುವುದಿಲ್ಲವಂತೆ. ಅಮ್ಮ ದಿನಾ ಹೋಗಿ ಒಂದು ಗಂಟೆ ಕೂತು ಬರುತ್ತಾಳೆ. ಅವರು ಎರಡು ಲೋಟ ಕಾಫಿ ಮಾಡುತ್ತಾರೆ, ಎರಡಕ್ಕೂ ಸಕ್ಕರೆ ಹಾಕಿಯೇ. ನಲವತ್ತು ವರ್ಷ ಇಬ್ಬರಿಗೆ ಮಾಡಿದ ಕೈ. "ಬೇಡ ಅನ್ನೋಕೆ ಬಾಯಿ ಬರಲ್ಲ ಕಣೇ. ಇನ್ನೊಂದು ಸ್ವಲ್ಪ ದಿನ ಆಗಲಿ" ಎಂದಳು.