ಪ್ರಥಮಪಾಠದ ಗುರುವೂ ಸಂಶೋಧನೆಯೂ

ಶುದ್ಧವಾದ ನೀರು 100 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕುದಿಯುವುದೆಂದು ಪಾಠಪುಸ್ತಕಗಳು ಹೇಳುತ್ತವೆ. ಸಮುದ್ರತೀರದಲ್ಲಿ ಅದು ನಿಜ. ಬೆಂಗಳೂರಾದರೋ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಊರು. ಇಲ್ಲಿ ವಾಯುವಿನ ಒತ್ತಡವು ಹತ್ತರಲ್ಲೊಂದು ಪಾಲಿನಷ್ಟು ಕಡಮೆ. ಆದಕಾರಣ ನೀರು 97 ಡಿಗ್ರಿಯ ಸುಮಾರಿಗೇ ಕುದಿದುಬಿಡುತ್ತದೆ. ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗನೊಬ್ಬನು ಪ್ರಯೋಗಶಾಲೆಯಲ್ಲಿ ಉಷ್ಣಮಾಪಕವನ್ನು ಹಿಡಿದು, ಕಂಡದ್ದನ್ನು ಕಂಡಂತೆ 97 ಎಂದು ಬರೆದುಕೊಂಡು ಬಂದನೆಂದು ಇಟ್ಟುಕೊಳ್ಳೋಣ. ಉಪಾಧ್ಯಾಯರು "ಮಾಪಕ ಕೆಟ್ಟಿರಬೇಕು, 100 ಎಂದು ತಿದ್ದಿಕೊಳ್ಳಪ್ಪ" ಎನ್ನಬಹುದು. "ಮೂರು ಡಿಗ್ರಿ ಏಕೆ ಕಡಮೆಯಾಯಿತು, ನೋಡೋಣ ಬಾ" ಎಂದೂ ಅನ್ನಬಹುದು. ಮೊದಲನೆಯ ಮಾತನ್ನು ಕೇಳಿದ ಹುಡುಗನಿಗೆ ಪರೀಕ್ಷೆಯಲ್ಲಿ ಅಂಕಗಳು ಬರುವುವು. ಆದರೆ ತನ್ನ ಕಣ್ಣು ಕಂಡದ್ದಕ್ಕಿಂತ ಅಚ್ಚಾದ ಅಕ್ಷರವೇ ದೊಡ್ಡದೆಂಬ ನಂಬಿಕೆಯೂ ಅದರೊಡನೆಯೇ ಬಂದುಬಿಡುವುದು. ಎರಡನೆಯ ಮಾತನ್ನು ಆಡಬೇಕಾದರೆ ಉಪಾಧ್ಯಾಯರಿಗೆ ಒಂದು ಬಗೆಯ ಧೈರ್ಯ ಬೇಕು. ಆ ಧೈರ್ಯವು ಪುಸ್ತಕವನ್ನೋದಿ ಬರತಕ್ಕದ್ದಲ್ಲ.

ವಿಶ್ವವಿದ್ಯಾನಿಲಯದ ಮೊದಲ ತರಗತಿಗಳಲ್ಲಿ ಪಾಠ ಹೇಳುವವರಿಗೆ ಸಂಶೋಧನೆಯ ಅಭ್ಯಾಸ ಬೇಕೇ, ಬೇಡವೇ ಎಂಬ ಚರ್ಚೆಯು ಈ ಪ್ರಯೋಗಶಾಲೆಯ ಮೇಜಿನ ಬಳಿಯಲ್ಲೇ ಆರಂಭವಾಗತಕ್ಕದ್ದು. ಬೇಡವೆನ್ನುವವರ ವಾದ ಸುಲಭವಾದದ್ದು: ಮೇಲಿನ ತರಗತಿಗಳಿಗೆ ಸಂಶೋಧಕರಿರಲಿ, ಕೆಳಗಿನವರಿಗೆ ತಿಳಿಯಾಗಿ ವಿವರಿಸಬಲ್ಲವರಿದ್ದರೆ ಸಾಕು. ಈ ವಾದವು ವಿಷಯವನ್ನು ತಲೆಕೆಳಗು ಮಾಡಿದೆ. ಮೇಲಿನ ತರಗತಿಯ ವಿದ್ಯಾರ್ಥಿಯು ಗುರುವಿನ ಮಾತನ್ನು ಬೇರೊಂದು ಗ್ರಂಥದೊಡನೆ ಹೋಲಿಸಿ ನೋಡಬಲ್ಲನು, ಸಂಶಯಪಡಬಲ್ಲನು. ಮೊದಲ ವರ್ಷದವನಿಗೆ ಆ ಶಕ್ತಿಯಿಲ್ಲ. ಅವನು ಕೇಳಿದ್ದೆಲ್ಲವನ್ನೂ ನಂಬಿಕೆಯ ಮೇಲೆಯೇ ಸ್ವೀಕರಿಸುತ್ತಾನೆ. ಪರೀಕ್ಷಿಸಲಾರದವನ ನಂಬಿಕೆಯನ್ನು ಪಡೆಯುವವನ ಹೊಣೆ ಎಲ್ಲರಿಗಿಂತ ಹೆಚ್ಚಲ್ಲವೆ?

ನ್ಯಾಯಶಾಸ್ತ್ರದವರು ಈ ಹೊಣೆಯನ್ನು ಬಹು ಹಿಂದೆಯೇ ವಿಚಾರಮಾಡಿದ್ದಾರೆ. ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಅವರು ಪ್ರಮಾಣವೆಂದು ಒಪ್ಪಿದರು; ಆದರೆ ಎಲ್ಲರ ಶಬ್ದವನ್ನೂ ಅಲ್ಲ, ಆಪ್ತನ ಮಾತನ್ನು ಮಾತ್ರ. ಆಪ್ತನೆಂದರೆ ಯಾರು? ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸುತ್ತಾನೆ. ಋಷಿಗಾಗಲಿ, ಆರ್ಯನಿಗಾಗಲಿ, ಮ್ಲೇಚ್ಛನಿಗಾಗಲಿ ಈ ಲಕ್ಷಣವು ಒಂದೇ ಎಂದೂ ಅವನು ಸೇರಿಸಿದ್ದಾನೆ. ಪೀಠವಾಗಲಿ ಪದವಿಯಾಗಲಿ ಆಪ್ತತ್ವವನ್ನು ಕೊಡಲಾರದೆಂಬುದು ಇದರಿಂದ ಸ್ಪಷ್ಟ.

ಇಲ್ಲಿ ಒಂದು ತೊಡಕುಂಟು. ಉಪಾಧ್ಯಾಯನು ಬೋಧಿಸುವುದೆಲ್ಲವನ್ನೂ ಕಂಡೇ ಬೋಧಿಸಬೇಕೆಂದರೆ ಪಾಠಶಾಲೆಗಳನ್ನು ಮುಚ್ಚಬೇಕಾದೀತು. ಎಲೆಕ್ಟ್ರಾನಿನ ವಿದ್ಯುದಂಶವನ್ನು ತಾನೇ ಅಳೆದವರೆಷ್ಟು ಮಂದಿ? ಅದು ಆಗದ ಮಾತು, ಅಗತ್ಯವೂ ಅಲ್ಲ. ಆದರೆ ಯಾವುದೋ ಒಂದು ಸಣ್ಣ ವಿಷಯದಲ್ಲಾದರೂ ಅಜ್ಞಾತವಾದದ್ದು ಜ್ಞಾತವಾಗುವ ಬಗೆಯನ್ನು ಅವನು ಕಂಡಿರಬೇಕು: ಊಹೆಯು ಹೇಗೆ ಮುರಿಯುತ್ತದೆ, ಅಳತೆಯು ಹೇಗೆ ಮೋಸಮಾಡುತ್ತದೆ, ಎಷ್ಟು ಸಲ ಮಾಡಿದ ಮೇಲೆ ಒಂದು ಮಾತನ್ನು ಹೇಳುವ ಹಕ್ಕು ಬರುತ್ತದೆ ಎಂಬುದನ್ನು. ಒಂದು ಬಾವಿಯನ್ನು ತೋಡಿದವನಿಗೆ ನೀರು ಎಲ್ಲಿಂದ ಬರುತ್ತದೆಂಬುದು ತಿಳಿದಿರುತ್ತದೆ. ಊರಿನ ಬಾವಿಗಳನ್ನೆಲ್ಲ ಅವನೇ ತೋಡಬೇಕಾಗಿಲ್ಲ.

ಕನ್ನಡನಾಡಿನಲ್ಲಿ ಇದಕ್ಕೆ ನಿದರ್ಶನಗಳಿಲ್ಲದೆ ಇಲ್ಲ. ಎಚ್. ನರಸಿಂಹಯ್ಯನವರು 1946ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪಾಧ್ಯಾಯರಾದರು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಡಾಕ್ಟರೇಟು ಪಡೆದು ಅದೇ ಕಾಲೇಜಿಗೆ ಹಿಂದಿರುಗಿದರು. 1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ದೊಡ್ಡ ವಿಜ್ಞಾನಿಗಳ ಮುಂದೆ ಸಾಮಾನ್ಯ ವಿದ್ಯಾರ್ಥಿಗಳು ಕುಳಿತು ಪ್ರಶ್ನೆ ಕೇಳುವಂತಾಯಿತು. ಬಿ.ಜಿ.ಎಲ್. ಸ್ವಾಮಿಯವರ ಉದಾಹರಣೆ ಇನ್ನೂ ಹತ್ತಿರದ್ದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಪಾಠ ಹೇಳಿದ್ದನ್ನು 'ಹಸುರು ಹೊನ್ನು' ಓದಿದವರೆಲ್ಲ ಬಲ್ಲರು. ಹಾರ್ವರ್ಡಿನ ಬೈಲಿಯವರೊಡನೆ 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಸಾರ್ಕಾಂಡ್ರ ಎಂಬ ಗಿಡದ ಕಾಷ್ಠದಲ್ಲಿ ನೀರನ್ನು ಸಾಗಿಸುವ ನಾಳಗಳಿಲ್ಲವೆಂದು ತೋರಿಸಿದರು. ಹೂಬಿಡುವ ಗಿಡಗಳಲ್ಲಿ ಇದು ಅಪರೂಪದ ಸಂಗತಿ. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ಪಂಡಿತನು ಆ ಕಾಷ್ಠದಲ್ಲಿಯೂ ನಾಳಗಳನ್ನು ಗುರುತಿಸಿದನು. ಇದರಿಂದ ಸ್ವಾಮಿಯವರ ಕೀರ್ತಿಗೆ ಕುಂದೇನೂ ಇಲ್ಲ. ವಿಜ್ಞಾನವು ಹೀಗೆ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತದೆಂಬುದು ಆ ದಾರಿಯಲ್ಲಿ ನಡೆದ ಗುರುವಿಗೆ ಸಹಜವಾಗಿ ತಿಳಿದಿರುತ್ತದೆ. ನಡೆಯದವನಿಗೆ ಅದು ಅವಮಾನವೆಂದು ತೋರುತ್ತದೆ.

ಮಹನೀಯರ ಮಾತು ಹಾಗಿರಲಿ. ಬೆಂಗಳೂರಿನ ಪಶ್ಚಿಮದಲ್ಲಿ ಮಾಗಡಿ ರಸ್ತೆಯ ಮೇಲಿರುವ ಸುಂಕದಕಟ್ಟೆಯಂಥ ಬಡಾವಣೆಯನ್ನು ನೆನೆಯಬೇಕು. ಸಣ್ಣ ಕಾರ್ಖಾನೆಗಳಲ್ಲಿಯೂ ಸಿದ್ಧ ಉಡುಪಿನ ಕೆಲಸದಲ್ಲಿಯೂ ದುಡಿಯುವವರ ಮಕ್ಕಳು ಅಲ್ಲಿಂದ ಕಾಲೇಜುಗಳಿಗೆ ಹೊರಡುತ್ತಾರೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅನೇಕರು ಅವರೇ ಮೊದಲಿಗರು. ಅವರಿಗೆ ಪಾಠ ಹೇಳುವವನಿಗೆ ವಾರಕ್ಕೆ 16 ಗಂಟೆಗಳ ತರಗತಿ, ಅದರ ಮೇಲೆ ಉತ್ತರಪತ್ರಿಕೆಗಳ ಕಂತೆ. ಅತಿಥಿ ಉಪನ್ಯಾಸಕನಾದರಂತೂ ಮುಂದಿನ ವರ್ಷ ಕೆಲಸವಿರುವುದೋ ಇಲ್ಲವೋ ಎಂಬ ಚಿಂತೆ ಬೇರೆ. ಇಂಥವನಿಗೆ ಸಂಶೋಧನೆ ಮಾಡೆಂದು ಉಪದೇಶಿಸುವುದು ನ್ಯಾಯವೇ ಎಂದು ಕೇಳುವವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಆಡಳಿತವು ಈ ಪ್ರಶ್ನೆಗೆ ಕೊಟ್ಟ ಉತ್ತರ ವಿಚಿತ್ರವಾದುದು. ವಿಶ್ವವಿದ್ಯಾನಿಲಯಗಳ ಧನವಿನಿಯೋಗ ಆಯೋಗವು 2010ರ ನಿಯಮಗಳಲ್ಲಿ ಪ್ರಕಟವಾದ ಲೇಖನಗಳಿಗೆ ಅಂಕಗಳನ್ನು ಗೊತ್ತುಮಾಡಿ, ಬಡ್ತಿಯನ್ನು ಆ ಅಂಕಗಳಿಗೆ ಕಟ್ಟಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಇದಕ್ಕೆ ಒಪ್ಪುತ್ತದೆ. ಕಟ್ಟೆಯಲ್ಲಿ ಕುಳಿತವನಿಗೆ ಬೇಕಾದದ್ದು ಕಾಸು, ಬಂಡಿಯಲ್ಲಿ ಭತ್ತವಿದೆಯೋ ಹೊಟ್ಟಿದೆಯೋ ಎಂಬುದಲ್ಲ. ಕಾಸು ತೆಗೆದುಕೊಂಡು ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳು ಬೆಳೆದವು. 2018ರ ಮೇ ತಿಂಗಳಲ್ಲಿ ಆಯೋಗವೇ ತನ್ನ ಪಟ್ಟಿಯಿಂದ 4305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅದೇ ವರ್ಷದ ಹೊಸ ನಿಯಮಗಳು ಕಾಲೇಜು ಅಧ್ಯಾಪಕರ ಮಟ್ಟಿಗೆ ಆ ಅಂಕಪದ್ಧತಿಯನ್ನೇ ಕೈಬಿಟ್ಟವು. ಕೆಟ್ಟ ಸುಂಕ ಹೋದದ್ದು ಒಳ್ಳೆಯದೇ. ಆದರೆ ಸುಂಕ ಹೋಯಿತೆಂದು ಪ್ರಯಾಣವೂ ಬೇಡವೆಂದುಕೊಳ್ಳುವ ಅಪಾಯ ಈಗ ಉಂಟಾಗಿದೆ. ಲೇಖನ ಬರೆಯುವುದಕ್ಕೂ ಶೋಧಿಸುವುದಕ್ಕೂ ಇರುವ ಅಂತರವನ್ನು ಮೊದಲನೆಯ ಸಲವೂ ಯಾರೂ ಎಣಿಸಲಿಲ್ಲ, ಎರಡನೆಯ ಸಲವೂ ಎಣಿಸಲಿಲ್ಲ.

ಶೋಧನೆಗೆ ದೂರ ಹೋಗಬೇಕಾಗಿಲ್ಲ. ಸುಂಕದಕಟ್ಟೆಯ ಸಮೀಪದಲ್ಲೇ ಹೇರೋಹಳ್ಳಿಯ ಕೆರೆಯಿದೆ. ಹೈಪೋ ದ್ರಾವಣವನ್ನು ಬ್ಯೂರೆಟ್ಟಿನಿಂದ ತೊಟ್ಟುತೊಟ್ಟಾಗಿ ಬಿಟ್ಟು, ಗಂಜಿಯ ನೀಲಿ ಬಣ್ಣ ಮಾಯವಾಗುವುದನ್ನು ಕಾಯುವ ಪ್ರಯೋಗವನ್ನು ರಸಾಯನಶಾಸ್ತ್ರದ ಮೊದಲ ತರಗತಿಗಳಲ್ಲೇ ಮಾಡಿಸುತ್ತಾರೆ. ಉತ್ತರವು ಉಪಾಧ್ಯಾಯರಿಗೆ ಮುಂಚೆಯೇ ಗೊತ್ತಿರುತ್ತದೆ. ವಿಂಕ್ಲರನು 1888ರಲ್ಲಿ ತೋರಿಸಿದ ಕ್ರಮದಂತೆ ಅದೇ ಪ್ರಯೋಗದಿಂದ ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಬಹುದು. ಆಗ ಉತ್ತರವು ಯಾರಿಗೂ ಗೊತ್ತಿರುವುದಿಲ್ಲ. ಒಂದು ಗಾಳಿಗುಳ್ಳೆಯೂ ಸೇರದಂತೆ ಸೀಸೆಯನ್ನು ತುಂಬಬೇಕು. ಅದೇ ಒಂದು ವಿದ್ಯೆ. ಪಾಚಿ ಬೆಳೆದ ಕೆರೆಯಲ್ಲಿ ಬೆಳಗಿನ ಜಾವಕ್ಕೂ ನಡುಹಗಲಿಗೂ ಅಂಕಿ ಬೇರೆಬೇರೆಯಾಗುತ್ತದೆ. ಬಿಸಿಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ, ಇರುಳೆಲ್ಲ ಕೆರೆಯ ಜೀವಿಗಳು ಅದನ್ನು ಉಸಿರಾಡಿ ಮುಗಿಸುತ್ತವೆ. 25 ಡಿಗ್ರಿ ಉಷ್ಣದ ನೀರು ಲೀಟರಿಗೆ 8.2 ಮಿಲಿಗ್ರಾಮಿನಷ್ಟು ಆಮ್ಲಜನಕವನ್ನು ಹಿಡಿದಿಡಬಲ್ಲದೆಂದು ಕೋಷ್ಟಕಗಳಲ್ಲಿರುವುದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರಿನಲ್ಲಿ ಅದು 7.4ರ ಸುಮಾರು. ಕುದಿಯುವ ನೀರಿನಲ್ಲಿ ಕಂಡ ವ್ಯತ್ಯಾಸವೇ ಇಲ್ಲಿಯೂ ಬಂದು ನಿಂತಿದೆ.

ಇನ್ನೂ ಒಂದು ಸೂಕ್ಷ್ಮವಿದೆ. ಕೊಳಚೆ ಸೇರಿದ ನೀರಿನಲ್ಲಿ ನೈಟ್ರೈಟು ಇರುವುದರಿಂದ ಹಳೆಯ ಕ್ರಮವು ನಿಜಕ್ಕಿಂತ ಹೆಚ್ಚಿನ ಆಮ್ಲಜನಕವನ್ನು ತೋರಿಸುತ್ತದೆ. ಸೋಡಿಯಂ ಅಜೈಡನ್ನು ಸೇರಿಸಿದಲ್ಲದೆ ಆ ದೋಷ ಹೋಗದು. ಇದನ್ನರಿಯದವನು ಪುಸ್ತಕದಂತೆ ಮಾಡಿ, ಸಾಯುತ್ತಿರುವ ಕೆರೆಯನ್ನು ಆರೋಗ್ಯವಾಗಿದೆಯೆಂದು ಸಾರಿಬಿಡಬಹುದು. ಅವನು ಸುಳ್ಳು ಹೇಳಿದವನಲ್ಲ. ಆದರೂ ಆ ಕೆರೆಯಲ್ಲಿ ಮೀನು ಹಿಡಿಯುವವನಿಗೆ ವ್ಯತ್ಯಾಸವೇನು?

ಕೆಲವು ವಾರಗಳ ಶಿಬಿರಗಳಲ್ಲಿ ಕುಳಿತು ಸಂಶೋಧನಾವಿಧಾನದ ಮೇಲೆ ಉಪನ್ಯಾಸ ಕೇಳಿದವರಿಗೆ ಈ ಬಗೆಯ ಎಚ್ಚರ ಬರುವುದು ಕಷ್ಟ. ಅದರ ಬದಲು ವಿಶ್ವವಿದ್ಯಾನಿಲಯವು ವಾರದ 16 ಗಂಟೆಗಳಲ್ಲಿ ಎರಡನ್ನು ಬಿಟ್ಟುಕೊಟ್ಟು, ಮೂರು ನಾಲ್ಕು ಕಾಲೇಜುಗಳ ಉಪಾಧ್ಯಾಯರನ್ನು ಒಂದು ಕೆರೆಗೋ ಒಂದು ಗುಡ್ಡಕ್ಕೋ ಗೊತ್ತುಮಾಡಿ, ಅನುಭವಸ್ಥನೊಬ್ಬನನ್ನು ವರ್ಷವಿಡೀ ಅವರ ಜೊತೆಗಿರಿಸಬಹುದು. ಅಚ್ಚಾಗುವ ಲೇಖನವನ್ನು ಕೇಳದೆ, ದಿನದಿನದ ಅಳತೆಯ ಪುಸ್ತಕವನ್ನು ತಪ್ಪುಗಳ ಸಹಿತವಾಗಿ ಕೇಳಬಹುದು. ವೆಚ್ಚ ಹೆಚ್ಚಲ್ಲ: ಗಾಜಿನ ಬಿರಡೆಯ ಸೀಸೆಗಳು, ನಾಲ್ಕಾರು ದ್ರಾವಣಗಳು, ಒಂದು ಉಷ್ಣಮಾಪಕ. ಬೆಳಗಿನ ಜಾವದಲ್ಲಿ ಕೆರೆಯ ದಂಡೆಗೆ ಹೋಗುವ ಅತಿಥಿ ಉಪನ್ಯಾಸಕನಿಗೆ ಆ ಎರಡು ಗಂಟೆಗಳ ಸಂಬಳವನ್ನು ಯಾವ ಲೆಕ್ಕದಲ್ಲಿ ಬರೆಯಬೇಕೆಂಬುದೊಂದನ್ನು ಮಾತ್ರ ಇದುವರೆಗೆ ಯಾವ ನಿಯಮಾವಳಿಯೂ ಹೇಳಿಲ್ಲ.