ಹೊಳೆಯ ಕೆಳಗಿನ ನೆರೆಯವ

ಹೊಸ ಜೀನ್ಸ್ ಪ್ಯಾಂಟನ್ನು ಮೊದಲ ಸಲ ನೆನೆಹಾಕಿದಾಗ ಬಕೆಟ್ಟಿನ ನೀರು ನೀಲಿಯಾಗುತ್ತದೆ. ಅದನ್ನು ಚೆಲ್ಲಿ ಮರೆಯುತ್ತೇವೆ. ಆ ಬಟ್ಟೆಗೆ ಬಣ್ಣ ಹಾಕಿ ತೊಳೆದ ಊರಿನಲ್ಲಿ ಎಷ್ಟು ನೀರು ಕೆಟ್ಟಿತೆಂದು ಕೇಳುವುದಿಲ್ಲ. ಕೇಳುವುದು ನಮ್ಮ ಕರ್ತವ್ಯವೇ?

ನೆಮ್ಮಾರಿನ ನಮಗೆ ಈ ಪ್ರಶ್ನೆ ದೂರದ್ದೆನಿಸಬಹುದು. ನಮ್ಮ ತುಂಗೆ ಇನ್ನೂ ಮೂಲಕ್ಕೆ ಹತ್ತಿರ. ಶೃಂಗೇರಿಯ ಸೋಪಾನಗಳಲ್ಲಿ ಜನ ಮೀನುಗಳಿಗೆ ಮಂಡಕ್ಕಿ ಹಾಕುತ್ತಾರೆ, ಯಾರೂ ಅವನ್ನು ಹಿಡಿಯುವುದಿಲ್ಲ. ಆದರೆ ಇದೇ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ಹೊಸಪೇಟೆಯ ಜಲಾಶಯದ ಕಾಲುವೆಗಳಲ್ಲಿ ಬಳ್ಳಾರಿಯನ್ನು ಮುಟ್ಟುತ್ತದೆ. ಬಳ್ಳಾರಿ ಜೀನ್ಸ್ ಉಡುಪಿಗೆ ಹೆಸರಾದ ಊರು. ಅಲ್ಲಿ ಬಟ್ಟೆ ತೊಳೆದ ಬಣ್ಣದ ನೀರು ಶುದ್ಧಿಯಾಗದೆ ಚರಂಡಿ ಸೇರುತ್ತದೆಂಬ ದೂರು ಹಲವು ಸಲ ಕೇಳಿಬಂದಿದೆ. ನಮ್ಮಿಂದ ತಿಳಿನೀರು ಹೋಗುತ್ತದೆ, ನಮಗೆ ಅಗ್ಗದ ಉಡುಪು ಬರುತ್ತದೆ. ಕೊಳೆ ಅಲ್ಲೇ ಉಳಿಯುತ್ತದೆ.

ಬಣ್ಣದ ನೀರು ಬಿಸಿಲನ್ನು ತಡೆಯುತ್ತದೆ. ಬಿಸಿಲಿಲ್ಲದೆ ಪಾಚಿ, ಜಲಸಸ್ಯಗಳು ಸೊರಗುತ್ತವೆ. ಆಮ್ಲಜನಕ ಇಳಿದು ಮೀನು ಉಸಿರುಗಟ್ಟುತ್ತದೆ. ಕೆಲವು ಅಜೋ ಬಣ್ಣಗಳು ಒಡೆದು ಕ್ಯಾನ್ಸರ್ ತರಬಲ್ಲ ವಸ್ತುಗಳಾಗುತ್ತವೆ. ಹತ್ತಿಗೆ ಬಣ್ಣ ಹಿಡಿಸಲು ಬಳಸುವ ಉಪ್ಪು ಹೊಲವನ್ನೂ ಕೆಡಿಸುತ್ತದೆ.

ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿಗೆ ಹೀಗೇ ಆಯಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟೆಯಲ್ಲಿ ಬಣ್ಣದ ಕೊಳಚೆ ನಿಂತಿತು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಆಗ ಕೂಲಿಯವರ ಅನ್ನಕ್ಕೂ ಪೆಟ್ಟು ಬಿತ್ತು. ನೀರನ್ನು ಶುದ್ಧಿಮಾಡಿ ಮರುಬಳಸುವ ಏರ್ಪಾಡಿನೊಂದಿಗೆ ಮುಂದೆ ಕೆಲಸ ಮತ್ತೆ ಶುರುವಾಯಿತು. ನದಿ ಅಥವಾ ಅನ್ನ, ಎರಡರಲ್ಲಿ ಒಂದನ್ನೇ ಆರಿಸಬೇಕಿಲ್ಲ. ಆದರೆ ಖರ್ಚು ಬರುತ್ತದೆ.

ಆ ಖರ್ಚು ಯಾರದು? ಕೊಳ್ಳುವವನೂ ಕೊಳಚೆ ಸುರಿದವನೂ ಸಮಾನ ದೋಷಿಗಳಲ್ಲ. ನೀತಿಶಾಸ್ತ್ರ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆದರೂ ಶುದ್ಧೀಕರಣದ ಖರ್ಚು ಉಡುಪಿನ ಬೆಲೆಯಲ್ಲಿ ಸೇರದಿದ್ದರೆ ಅದನ್ನು ಕೆಳಗಿನ ರೈತ ತೆರುತ್ತಾನೆ. ನಮಗೆ ಉಳಿದ ಹಣ ಅವನ ಜೇಬಿನದು. ಬಲಿಪೂಜೆಯ ಆರಂಭದಲ್ಲಿ ಮಾಡಿದ್ದಕ್ಕಷ್ಟೇ ಅಲ್ಲ, ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಬೇಡುತ್ತೇವಲ್ಲವೇ?

ಈ ಸಲ ಹಬ್ಬಕ್ಕೆ ಮೂರು ಜೊತೆಯ ಬದಲು ಒಂದೇ ಜೊತೆ ಕೊಳ್ಳೋಣ, ಅದನ್ನು ಬಾಳಿಸೋಣ. ನೀರನ್ನು ಶುದ್ಧಿಮಾಡಿ ತಯಾರಿಸಿದ ಬಟ್ಟೆಗೆ ಬೆಲೆ ಹೆಚ್ಚಾದರೆ ಗೊಣಗದಿರೋಣ. ಸಾಮತಿಯ ಸಮಾರಿಯದವನಿಗೆ ನೆರೆಯವನು ದಾರಿಯಲ್ಲೇ ಕಂಡ. ನಮ್ಮ ನೆರೆಯವ ಹೊಳೆಯ ಕೆಳಗಿದ್ದಾನೆ, ಕಣ್ಣಿಗೆ ಬೀಳುವುದಿಲ್ಲ. ಕಾಣದ ಮಾತ್ರಕ್ಕೆ ಅವನು ಪರಕೀಯನಾಗುವುದಿಲ್ಲ.